ಎಡೆಯ ದಿನ ಹಿಡಿದುಕೊಟ್ಟದ್ದು

ವಾರಂಟು ಮೂರು ಸಲ ಹೋಯಿತು, ಮೂರು ಸಲವೂ ಬರಿಗೈಯಲ್ಲಿ ವಾಪಸು ಬಂತು. ಆಸಾಮಿ ಊರಿನಲ್ಲಿಲ್ಲ ಎಂದು ಅದರ ಹಿಂದೆ ಬರೆದಿರುತ್ತಿತ್ತು. ಆಸಾಮಿ ಎಂದರೆ ನನ್ನ ಗಂಡ. ಮಗಳಿಗೆ ಎಂಟು ವರ್ಷ ತುಂಬಿದಾಗ ನಮ್ಮನ್ನು ಬಿಟ್ಟು ಹೋದವನು. ಕೋರ್ಟಿನ ಒಂದು ವಾಯಿದೆಗೂ ಅವನು ಬರಲಿಲ್ಲ. ಮಗಳ ಜೀವನಾಂಶವನ್ನು ತಿಂಗಳು ತಿಂಗಳು ಕಟ್ಟಬೇಕೆಂದು ಕೋರ್ಟು ಆದೇಶ ಮಾಡಿ ನಾಲ್ಕು ವರ್ಷವಾಗಿತ್ತು. ಎರಡು ತಿಂಗಳು ಕಟ್ಟಿದ. ಆಮೇಲೆ ಫೋನೂ ಇಲ್ಲ, ಪತ್ತೆಯೂ ಇಲ್ಲ. ಆದೇಶದ ಪ್ರತಿಯನ್ನು ನಾನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. "ಅದ್ನ ನೆಕ್ಕುದ್ರೆ ಒಟ್ಟೆ ತುಂಬ್ತದಾ?" ಎಂದು ನಮ್ಮಮ್ಮ ಕೇಳುತ್ತಿದ್ದಳು. ಗಂಡ ಬಿಟ್ಟ ಮೇಲೆ ನಾನು, ಮಗಳು ಬೆಸಗರಹಳ್ಳಿಯಲ್ಲಿ ಅಮ್ಮನ ಮನೆಯಲ್ಲೇ ಇದ್ದೆವು.

ಮೊದಲನೇ ವಾರಂಟು ಹೋದ ವಾರ ಗೊತ್ತಿಲ್ಲದ ನಂಬರಿನಿಂದ ಒಂದು ಫೋನ್ ಬಂತು. ಅವನದೇ ಗಂಟಲು.

"ಕೋರ್ಟು ಕೋರ್ಟು ಅಂತ ಅಲೀತಾ ಇರು. ಒಂದಿನ ಮಗೀನ ಎತ್ಕಂಡು ಓಯ್ತೀನಿ. ಆಮ್ಯಾಕೆ ಯಾರ್ ಎಸ್ರಲ್ಲಿ ದುಡ್ಡು ಕೇಳೀಯೆ ನೋಡ್ತೀನಿ."

ಅಷ್ಟೇ ಹೇಳಿ ಇಟ್ಟ. ನಾನು ಹೆದರುಪುಕ್ಕಲಿ ಅಲ್ಲ. ಬಾಯಿ ಜೋರು ಎಂದೇ ಊರೆಲ್ಲ ನನಗೆ ಹೆಸರು. ಆದರೆ ಆ ಮಾತು ಎದೆಯೊಳಗೆ ಕೂತುಬಿಟ್ಟಿತು. ಮಗಳ ಸ್ಕೂಲು ಮದ್ದೂರಿನಲ್ಲಿ, ನಾನು ಕೆಲಸ ಮಾಡುವ ಗಾರ್ಮೆಂಟ್ಸೂ ಅಲ್ಲೇ. ಸ್ಕೂಲು ಬಿಡುವುದು ನಾಲ್ಕೂವರೆಗೆ, ನಮಗೆ ಬಿಡುವುದು ಐದೂವರೆಗೆ. ನಡುವಿನ ಆ ಒಂದು ಗಂಟೆಯಲ್ಲಿ ನಾನು ಹೊಲಿದ ಕಾಲರುಗಳನ್ನು ದೇವರೇ ನೋಡಬೇಕು. ಸೂಪರ್‌ವೈಸರ್ ಬಿಚ್ಚಿಸಿ ಬಿಚ್ಚಿಸಿ ಹೊಲಿಸುತ್ತಿದ್ದ. ಕೊನೆಗೆ ಅಮ್ಮನನ್ನು ದಿನಾ ಸ್ಕೂಲಿನ ಗೇಟಿಗೆ ಕಳಿಸತೊಡಗಿದೆ. ಗೇಟಿನ ಎದುರು ಯಾರಾದರೂ ಗಂಡಸು ಬೈಕು ನಿಲ್ಲಿಸಿಕೊಂಡಿದ್ದರೆ ಅಮ್ಮ ಅವನ ಮುಖಕ್ಕೇ ಹೋಗಿ ನಿಂತು ನೋಡುತ್ತಿದ್ದಳಂತೆ. ಒಬ್ಬ ಪಾಪದ ಮೇಷ್ಟ್ರು ಹೆದರಿ ಬೈಕನ್ನು ಬೇರೆ ಕಡೆ ನಿಲ್ಲಿಸತೊಡಗಿದರು.

ಇಷ್ಟಾದ ಮೇಲೆ ಕೇಸು ಕೈಬಿಟ್ಟಿದ್ದರೂ ಬಿಡುತ್ತಿದ್ದೆನೇನೋ. ಆದರೆ ಹತ್ತನೇ ಕ್ಲಾಸಿಗೆ ಬಂದ ಮಗಳು ಒಂದು ಸಂಜೆ ಮುದ್ದೆ ಮುರಿಯುತ್ತಾ, "ಪರೀಕ್ಷೆ ಮುಗುದ್ಮೇಲೆ ನಾನೂ ನಿನ್ ಜೊತೆ ಗಾರ್ಮೆಂಟ್ಸಿಗೆ ಬತ್ತೀನಿ ಕಣಮ್ಮ. ವಯಸ್ಸು ಎಲ್ಡು ವರ್ಸ ಜಾಸ್ತಿ ಯೋಳುದ್ರಾಯ್ತು" ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ, ಬಹಳ ದಿನದಿಂದ ಯೋಚಿಸಿದ್ದಳು ಎಂದು ನನಗೆ ಗೊತ್ತಾಯಿತು. ಲೆಕ್ಕದಲ್ಲಿ ಕ್ಲಾಸಿಗೇ ಮುಂದಿರುವ ಹುಡುಗಿ. ಮಾರನೆಯ ದಿನವೇ ರಜೆ ಹಾಕಿ ವಕೀಲರ ಹತ್ತಿರ ಹೋದೆ.

ಮಂಡ್ಯದ ನಮ್ಮ ವಕೀಲರು ಒಳ್ಳೆಯ ಹೆಂಗಸು. "ವಾರಂಟು ಹೊರಡಿಸೋದು ಕೋರ್ಟು, ಹಿಡಿಯೋದು ಪೊಲೀಸು. ಆದ್ರೆ ಎಲ್ಲಿದ್ದಾನೆ ಅಂತ ತೋರಿಸೋಳು ನೀನೇ ಕಣಮ್ಮ. ಇಲ್ದಿದ್ರೆ ಇದು ಹಿಂಗೇ ಹೋಗ್ತಾ ಬರ್ತಾ ಇರುತ್ತೆ" ಎಂದರು. ಎಲ್ಲಿದ್ದಾನೆಂದು ನನಗೇನು ಗೊತ್ತು? ಒಬ್ಬರು ಮೈಸೂರಲ್ಲಿ ಟೆಂಪೋ ಓಡಿಸುತ್ತಾನೆ ಎಂದರೆ, ಇನ್ನೊಬ್ಬರು ಕೊಳ್ಳೇಗಾಲದಲ್ಲಿ ನೋಡಿದೆ ಎನ್ನುತ್ತಿದ್ದರು.

ಅದು ಹೊಳೆದದ್ದು ಮಿಷನ್ ಮುಂದೆ ಕೂತಿದ್ದಾಗ. ಪಕ್ಕದ ಮಿಷನ್ನಿನವಳು ಪಿತೃಪಕ್ಷಕ್ಕೆ ರಜೆ ಬರೆದುಕೊಡು ಎಂದು ನನ್ನ ಮುಂದೆ ಚೀಟಿ ಹಿಡಿದಳು. ಬರೆಯುತ್ತಾ ಬರೆಯುತ್ತಾ ನನ್ನ ಕೈ ನಿಂತಿತು. ಎಲ್ಲೇ ಇರಲಿ, ಎಡೆ ಇಡುವ ದಿನ ಅವನು ಊರಿಗೆ ಬರುತ್ತಾನೆ.

ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಹಬ್ಬ ಯುಗಾದಿಗಿಂತ ದೊಡ್ಡದು. ಒಂದೊಂದು ಮನೆಗೆ ಒಂದೊಂದು ದಿನ. ಬೆಳಕವಾಡಿ ಆಚೆಗಿನ ನನ್ನ ಅತ್ತೆಯ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಮುಂಚಿನ ಬುಧವಾರ. ನಡುಮನೆಯಲ್ಲಿ ಮಾವನ ಫೋಟೊ ಇಟ್ಟು, ಅದರ ಮುಂದೆ ಹೊಸ ಪಂಚೆ, ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಆಗ ಹಿರಿಯರು ಬಂದು ಉಣ್ಣುತ್ತಾರೆ. ಅತ್ತೆ ಬಾಗಿಲು ತಟ್ಟಿ ತೆಗೆಯುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ನಾನು ಅಲ್ಲಿ ಬಾಳಿದ ವರ್ಷಗಳಲ್ಲಿ ಜ್ವರ ಬಂದು ಮಲಗಿದ್ದಾಗಲೂ ಅವನು ಅದನ್ನು ತಪ್ಪಿಸಿದವನಲ್ಲ. ಸತ್ತ ಅಪ್ಪ ವರ್ಷಕ್ಕೊಂದು ದಿನ ಹಸಿದುಕೊಂಡು ಹೋಗಬಾರದು. ಬದುಕಿರುವ ಮಗಳು ಏನಾದರೂ ಆಗಲಿ.

ವಿಷಯ ಹೇಳಿದಾಗ ಅಮ್ಮ ಮೊರ ಕೆಳಗಿಟ್ಟಳು.

"ಇರೀಕರು ಉಣ್ಣೋ ಒತ್ನಲ್ಲಿ ಪೋಲೀಸ್ರುನ್ನ ನುಗ್ಗುಸ್ತೀಯಾ? ಅವರು ನಿನ್ ಮಗಳಿಗೂ ಇರೀಕರೇ ಕಣಮ್ಮಿ. ಏನಾರ ಎಚ್ಚುಕಮ್ಮಿ ಆದ್ರೆ ಮಗಿಗೇ ತಟ್ತದೆ."

ನಾನು ದೇವರು ದಿಂಡರು ಎಂದು ಕೂರುವವಳಲ್ಲ. ಆದರೂ ಆ ಮಾತಿಗೆ ಹೆದರಿದೆ. ಮಾವ ಕೆಟ್ಟವರಾಗಿರಲಿಲ್ಲ. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆ ಸುತ್ತಿಸಿದ ಮನುಷ್ಯ. ಅವರ ಎಲೆಯ ಮುಂದಿನಿಂದ ಅವರ ಮಗನನ್ನು ಎಳೆಸಬೇಕೇ? ಎರಡು ದಿನ ಒದ್ದಾಡಿ, ಮೂರನೆಯ ದಿನ ಠಾಣೆಗೆ ಹೋಗಿ ದಿನವನ್ನೂ ಹೊತ್ತನ್ನೂ ಹೇಳಿಬಿಟ್ಟೆ.

ಬುಧವಾರ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಹೋದೆ. ಅಲ್ಲಿಂದ ಪೊಲೀಸರ ಜೀಪು. ಮಫ್ತಿಯಲ್ಲಿದ್ದ ಒಬ್ಬ ಪೇದೆ, ಒಬ್ಬ ಡ್ರೈವರ್, ನಾನು. ದಾರಿಯುದ್ದಕ್ಕೂ ಸೆರಗನ್ನು ಮುಖಕ್ಕೆ ಎಳೆದುಕೊಂಡೇ ಕೂತಿದ್ದೆ. ಒಂದು ಭಯವೇ? ಯಾರಾದರೂ ಸುಳಿವು ಕೊಟ್ಟಿದ್ದರೆ? ಅವನ ಅಣ್ಣ, ನನ್ನ ಭಾವ, ಮಚ್ಚು ತೆಗೆದುಕೊಂಡರೆ? ಎಲ್ಲಕ್ಕಿಂತ, ಏಳು ವರ್ಷದ ಮೇಲೆ ಅವನ ಗುರುತೇ ನನಗೆ ಸಿಗದೆ ಬೇರೆ ಯಾರನ್ನೋ ತೋರಿಸಿಬಿಟ್ಟರೆ?

ಊರಿನ ಹಾಲಿನ ಡೈರಿಯ ಹತ್ತಿರ ಜೀಪು ನಿಲ್ಲಿಸಿದರು. ದೀಪ ಹಚ್ಚುವ ಹೊತ್ತು. ಅಲ್ಲಿಂದ ಅತ್ತೆಯ ಮನೆಯ ಅಂಗಳ ಕಾಣುತ್ತಿತ್ತು. ಬಾಗಿಲು ಎಳೆದಿತ್ತು, ಸಂದಿಯಿಂದ ಧೂಪದ ಹೊಗೆ ಬರುತ್ತಿತ್ತು. ಅಂಗಳದಲ್ಲಿ ಬಿಳಿ ಪಂಚೆಯ ಐದಾರು ಗಂಡಸರು ಬೆನ್ನು ತಿರುಗಿಸಿ ನಿಂತಿದ್ದರು. ನೋಡಿದ ತಕ್ಷಣ ಗುರುತು ಸಿಕ್ಕಿತು. ತಲೆಗೂದಲು ಉದುರಿತ್ತು, ಮೈ ಬಂದಿತ್ತು, ಆದರೆ ಒಂದು ಕಾಲಿಂದ ಇನ್ನೊಂದರ ಮೀನಖಂಡ ತುರಿಸಿಕೊಳ್ಳುತ್ತಾ ನಿಲ್ಲುವವನು ಆ ಊರಿನಲ್ಲಿ ಅವನೊಬ್ಬನೇ.

"ಬಲಗಡೆಯಿಂದ ಎರಡನೆಯವನು" ಎಂದೆ. ಪೇದೆ, "ಜೋರಾಗಿ ಯೋಳಮ್ಮ" ಎಂದ. ಇನ್ನೊಮ್ಮೆ ಹೇಳಿದೆ.

ನಾವು ಅಂಗಳಕ್ಕೆ ಕಾಲಿಟ್ಟಾಗ ಅವನು ತಿರುಗಿ ನನ್ನನ್ನು ನೋಡಿದ. ಪೇದೆಯ ಬೂಟನ್ನೂ ನೋಡಿದ. ಒಂದೇ ನೆಗೆತಕ್ಕೆ ಜಗಲಿ ಹತ್ತಿ ಬಾಗಿಲಿಗೆ ಕೈ ಹಾಕಿದ. ಆ ಬಾಗಿಲಿಂದ ನಡುಮನೆ, ನಡುಮನೆಯಿಂದ ಅಡುಗೆಮನೆ, ಅದರ ಹಿಂದೆ ಹಿತ್ತಿಲು, ಹಿತ್ತಿಲಾಚೆ ಆಳೆತ್ತರದ ಕಬ್ಬು. ಕಬ್ಬಿಗೆ ನುಗ್ಗಿದರೆ ಮುಗಿಯಿತು, ಇನ್ನೊಂದು ವರ್ಷ.

ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ನಿಮ್ಮಪ್ಪ ಉಣ್ತಾವ್ನೆ. ಬಾಗ್ಲು ಮುಟ್ಟುದ್ರೆ ನೋಡು ಮತ್ತೆ."

"ಬುಡವ್ವ, ಜಾಗ ಬುಡು!"

"ನನ್ನ ಸಾಯ್ಸಿ ಒಳೀಕೋಗು."

ಅವನು ಅವಳನ್ನು ತಳ್ಳಬಹುದಿತ್ತು. ಒಣಕಲು ಮುದುಕಿ. ತಳ್ಳಲಿಲ್ಲ. ಅಷ್ಟರಲ್ಲಿ ಪೇದೆ ಅವನ ತೋಳು ಹಿಡಿದ. ಅತ್ತೆ ನನಗಾಗಿ ಅಡ್ಡ ನಿಂತಳೋ, ಸತ್ತ ಗಂಡನ ಊಟಕ್ಕಾಗಿ ನಿಂತಳೋ, ನಾನು ಇವತ್ತಿಗೂ ಕೇಳಿಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ. ಪೇದೆಗೆ ಮಾತ್ರ, "ಒಂದ್ಗಳಿಗೆ ತಡೀರಪ್ಪ. ಅವರುಂಡು ಎದ್ದೋಗ್ಲಿ. ಆಮ್ಯಾಕೆ ನಿಮ್ ಕಾನೂನು" ಎಂದಳು.

ಪೇದೆಯೂ ಅದೇ ಸೀಮೆಯವನು. ಅವನ ಮನೆಯಲ್ಲೂ ಎಡೆ ಇಡುತ್ತಾರಲ್ಲ. ಹಿಡಿದ ತೋಳು ಬಿಡದೆ, "ಆಯ್ತು ಕಣಜ್ಜಿ" ಎಂದು ನಿಂತುಬಿಟ್ಟ.

ಆ ಕಾಲು ಗಂಟೆಯನ್ನು ನಾನು ಸಾಯುವ ತನಕ ಮರೆಯಲಾರೆ. ಒಳಗೆ ಸತ್ತವರು ಉಣ್ಣುತ್ತಿದ್ದಾರೆ, ಹೊರಗೆ ಬದುಕಿದವರು ಕಾಯುತ್ತಿದ್ದೇವೆ. ಭಾವ ನನ್ನ ಕಡೆ ತಿರುಗಿ ಕ್ಯಾಕರಿಸಿ ಉಗಿದ. ಪಕ್ಕದ ಮನೆಗಳ ಜನ ಒಬ್ಬೊಬ್ಬರಾಗಿ ಬಂದು ಬೇಲಿಗೆ ಒರಗಿದರು. ಯಾರೂ ಮಾತಾಡುವಂತಿಲ್ಲ, ಹಿರಿಯರು ಉಣ್ಣುವಾಗ ಗಲಾಟೆ ಮಾಡಬಾರದು. ಆ ಶಾಸ್ತ್ರ ಇಲ್ಲದಿದ್ದರೆ ಅವತ್ತು ನನ್ನನ್ನು ಹೊಡೆದೇ ಹಾಕುತ್ತಿದ್ದರು. ಮಾವನಿಗೆ ಮನಸ್ಸಿನಲ್ಲೇ, ನಿಧಾನಕ್ಕೆ ಉಣ್ಣಿ, ನನ್ನ ಮೇಲೆ ಸಿಟ್ಟಾಗಬೇಡಿ, ನಿಮ್ಮ ಮೊಮ್ಮಗಳಿಗೋಸ್ಕರ ಮಾಡಿದೆ ಎಂದು ಹೇಳಿಕೊಂಡೆ.

ಆಗ ಅವನು ನನ್ನ ಕಡೆ ಸ್ವಲ್ಪ ವಾಲಿ, ನನಗಷ್ಟೇ ಕೇಳುವಂತೆ ಅಂದ: "ಮಗಳು ಯಾವ ಬಸ್ಸು ಅತ್ತಾಳೆ, ಎಲ್ಲಿ ಇಳೀತಾಳೆ, ಎಲ್ಲ ಗೊತ್ತದೆ ನಂಗೆ. ದಿನಾ ನೋಡ್ತಿರ್ತೀನಿ. ನಾಳೀಕೆ ನೋಡ್ಕೊ."

ದಿನಾ ನೋಡುತ್ತಿರುತ್ತಾನೆ. ಹಾಗಾದರೆ ಅಮ್ಮ ಗೇಟಿನಲ್ಲಿ ಯಾರ ಮುಖ ನೋಡುತ್ತಿದ್ದಳು?

ಅತ್ತೆ ಬಾಗಿಲು ತಟ್ಟಿ ತೆಗೆದಳು. ಪೇದೆ ಬೂಟು ಕಳಚಿ ಅವನ ಜೊತೆಯಲ್ಲೇ ಒಳಗೆ ಹೋದ. ಅವನು ಅಪ್ಪನ ಫೋಟೊಗೆ ಅಡ್ಡಬಿದ್ದು ಎದ್ದ. ಅತ್ತೆ ಪೇದೆಗೆ ಎರಡು ವಡೆ ಕೊಟ್ಟಳು, ಅವನು ತಿಂದ. ಆಮೇಲೆ ಜೀಪು ಹೊರಟಿತು. ಆ ಜೀಪಿನಲ್ಲಿ ಅವನ ಜೊತೆ ಕೂರಲಾರದೆ ನಾನು ಮೇನ್ ರೋಡಿನವರೆಗೆ ಹೆಚ್ಚೂಕಮ್ಮಿ ಓಡಿಕೊಂಡೇ ಬಂದೆ. ಬಸ್ಸು ಹತ್ತಿ ಅಮ್ಮನಿಗೆ ಫೋನ್ ಮಾಡಿ, ಬಾಗಿಲ ಚಿಲಕ ಹಾಕಿಕೊಂಡಿರಿ, ಯಾರು ಕರೆದರೂ ತೆಗೆಯಬೇಡಿ ಎಂದೆ.

ಮಾರನೆಯ ದಿನ ಮಗಳನ್ನು ಸ್ಕೂಲಿಗೂ ಕಳಿಸಲಿಲ್ಲ, ಮನೆಯಲ್ಲೂ ಬಿಡಲಿಲ್ಲ. ಅವನು ಪೊಲೀಸರ ಕೈಯಲ್ಲಿದ್ದರೂ ಭಾವ ಹೊರಗೇ ಇದ್ದನಲ್ಲ. ಕೋರ್ಟಿಗೆ ಕರೆದುಕೊಂಡು ಹೋಗಿ, ಮೆಟ್ಟಿಲ ತಿರುವಿನಲ್ಲಿ ಹೆಂಗಸರ ಗುಂಪಿನ ನಡುವೆ ಕೂರಿಸಿ, ಏನಾದರೂ ಆಗಲಿ ಅಲ್ಲಾಡಬೇಡ ಎಂದೆ. ಅವಳು ಗಣಿತದ ಪುಸ್ತಕ ತೆಗೆದಳು.

ಜಡ್ಜ್ ಸಾಹೇಬರು ಹೆಚ್ಚು ಮಾತಾಡಲಿಲ್ಲ. ಕಟ್ಟುತ್ತೀಯೋ, ಜೈಲಿಗೆ ಹೋಗುತ್ತೀಯೋ ಎಂದರು. ಮಧ್ಯಾಹ್ನದ ಹೊತ್ತಿಗೆ ಭಾವ ಅರ್ಧ ದುಡ್ಡು ತಂದು ಕಟ್ಟಿದ. ಉಳಿದದ್ದಕ್ಕೆ ನನ್ನ ಗಂಡ ಮುಚ್ಚಳಿಕೆ ಬರೆದುಕೊಟ್ಟ. ಇನ್ನು ಮಗಳನ್ನು ಕೇಳುತ್ತಾನೆ, ನೋಡಬೇಕು ಎನ್ನುತ್ತಾನೆ, ತನಗೇ ಒಪ್ಪಿಸಿ ಎನ್ನುತ್ತಾನೆ ಎಂದು ವಕೀಲರ ಕರಿಕೋಟಿನ ತುದಿ ಹಿಡಿದುಕೊಂಡೇ ನಿಂತಿದ್ದೆ. ಅವನು ಮಗಳ ಹೆಸರನ್ನೇ ಎತ್ತಲಿಲ್ಲ. ರುಜು ಹಾಕಿ ಹೊರಗೆ ನಡೆದ. ಅವನು ಮೆಟ್ಟಿಲ ಕಡೆ ತಿರುಗಿದ. ಹಿಂದೆಯೇ ಓಡಿದೆ.

ಅವನು ಸೀದಾ ಅವಳ ಮುಂದೆ ಹೋಗಿ ನಿಂತ. ಅವಳು ಪುಸ್ತಕದಿಂದ ತಲೆಯೆತ್ತಿ ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ.

"ವಸಿ ಜಾಗ ಬುಡವ್ವ" ಎಂದ.

ಅವಳು ಕಾಲು ಮಡಿಸಿಕೊಂಡಳು. ಅವನು ಇಳಿದು ಹೋದ. ತಿರುಗಿ ನೋಡಲಿಲ್ಲ.

ಮಗಳು ಸ್ವಲ್ಪ ಹೊತ್ತು ಅವನು ಹೋದ ಕಡೆಯೇ ನೋಡುತ್ತಿದ್ದಳು. "ಅದು ಅಪ್ಪ ಅಲ್ವಾ?" ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಎಂದೆ. ಅವಳು ನಕ್ಕಳು.

"ಇವ್ರಿಗಾ ನೀನು ಇಷ್ಟು ದಿನ ಎದುರ್ಕಂಡಿದ್ದು? ಗುರ್ತೇ ಸಿಗ್ದೋರು ಯಾರ್ನಮ್ಮ ಎತ್ಕಂಡೋದಾರು?"

ನನಗೆ ನಗು ಬರಲಿಲ್ಲ. ಅವಳ ಪಕ್ಕದಲ್ಲಿ ಕೂತೆ. ಎತ್ತಿಕೊಂಡು ಹೋಗುವಷ್ಟಾದರೂ ಅವಳು ಅವನಿಗೆ ಬೇಕಾಗಿರಬಾರದಿತ್ತೇ ಎಂದು, ಯಾವ ತಾಯಿಯೂ ಯೋಚಿಸಬಾರದ್ದನ್ನು ಆ ಮೆಟ್ಟಿಲ ಮೇಲೆ ಯೋಚಿಸಿದೆ.