ಗಂಟೆ ಬಿಚ್ಚಿದ ಸೈಕಲ್ಲು

ಅರಸರ ಕಾಲದಲ್ಲಿ ಹುಣಸೂರು ಪೇಟೆಯಲ್ಲಿ ಮೋಟಾರು ಓಡಿಸಬಲ್ಲವರು ಬೆರಳೆಣಿಕೆಯ ಜನ. ಅವರಲ್ಲೊಬ್ಬ ಖದೀರ್. ಅಂಥವನು ಗಾಳಿ ಊದುವ ತಿದಿ, ಇದ್ದಿಲಿನ ಚೀಲ ಹಿಂದೆ ಕಟ್ಟಿಕೊಂಡು, ಹಳೇ ಸೈಕಲ್ಲು ತುಳಿಯುತ್ತ ಹಳ್ಳಿ ಹಳ್ಳಿಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಪೇಟೆಗೆ ಅದೊಂದು ತಮಾಷೆ.

"ಏನ್ ಸಾಬ್ರೇ, ತೋಟದ ದೊರೆ ಕಾರು ಕೊಡ್ತೀನಿ ಬಾ ಅಂದ್ರೂ ಒಲ್ಲೆ ಅಂದ್ರಂತೆ? ಕುದುರೆ ಬುಟ್ಟು ಕತ್ತೆ ಏರೋರ್ನ ನಿಮ್ಮನ್ನೇ ಕಂಡಿದ್ದು ಕಣ್ರೀ!" ಎಂದು ಕಾಫಿ ಹೋಟೆಲಿನ ಕುಳ್ಳಯ್ಯ ಕೆಣಕುವನು.

"ಕತ್ತೆ ಒದೆಯೋದನ್ನೂ ನೋಡ್ತೀಯಾ?"

"ಅದಿರ್ಲಿ, ಈ ಸೈಕಲ್ಲಿನ ಗಂಟೆ ಎಲ್ಲಿ?"

ಆ ಮಾತು ಬಂದರೆ ಮಾತ್ರ ಖದೀರ್ ಸೈಕಲ್ಲು ಹತ್ತಿ ಹೊರಟುಬಿಡುವನು. ನಗುವವರಿಗೇನು, ಹಲ್ಲಿದ್ದರೆ ಸಾಕು.

ಕೆಲವು ವರ್ಷದ ಹಿಂದೆ ಅವನು ಪ್ಲೇಗು ತಡೆಯಲು ಸರ್ಕಾರ ನೇಮಿಸಿದ ಸಾಹೇಬರ ಮೋಟಾರಿಗೆ ಡ್ರೈವರಾಗಿದ್ದ. ಪ್ಲೇಗಿನಿಂದ ಇಲಿ ಸತ್ತು ಬಿದ್ದ ಊರಿಗೆ ನುಗ್ಗಿ, ಜ್ವರ ಬಂದವರನ್ನು ತಗಡಿನ ಶೆಡ್ಡಿಗೆ ಸಾಗಿಸುವುದು ಕೆಲಸ. ಶೆಡ್ಡಿಗೆ ಹೋದವರು ತಿರುಗಿ ಬಂದದ್ದನ್ನು ಕಂಡವರು ಕಡಿಮೆ. ಖದೀರನಿಗೋ ಹಾರನ್ ಒತ್ತುವ ಚಪಲ. ಊರ ಬಾಗಿಲಲ್ಲೇ ಪೋಂಯ್ ಎನ್ನಿಸಿ, ಕೋಳಿ ಕುರಿ ಚೆಲ್ಲಾಪಿಲ್ಲಿ ಆಗುವುದನ್ನು ನೋಡಿ ನಗುವನು.

ಹನಗೋಡಿನ ಆಚೆಯ ಒಂದು ಹಳ್ಳಿಯಲ್ಲಿ ಅಂದೂ ಹಾಗೇ ಒತ್ತಿದ. ಆ ಸದ್ದು ಭಾಗ್ಯಮ್ಮನ ಮನೆಗೆ ಕೇಳಿತು. ಅವಳ ಗಂಡ ಮಂಟಯ್ಯ ಕಂಬಳಿ ಹೊದ್ದು ನಡುಗುತ್ತಿದ್ದ. ಪ್ಲೇಗಲ್ಲ, ಕಾಡಂಚಿನಲ್ಲಿ ಎಲ್ಲರಿಗೂ ಬರುವ ಚಳಿಜ್ವರ. ಆದರೆ ಸಾಹೇಬರಿಗೆ ತಿಳಿಯಹೇಳುವವರು ಯಾರು? ಮನೆ ಮಗ್ಗುಲಲ್ಲಿ ರಾಗಿ ತುಂಬಿಡುವ ನೆಲಗುಂಡಿ ಇತ್ತು, ಹಗೇವು. ಅರ್ಧ ಖಾಲಿಯಾಗಿತ್ತು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯಬೇಕು ಎಂಬುದು ಆ ಕಡೆ ಮಕ್ಕಳಿಗೂ ಗೊತ್ತು. ಅಂದು ದೀಪ ಹಚ್ಚಲು ಯಾರಿಗೆ ಬಿಡುವಿತ್ತು?

"ಗಳಿಗೆ ಹೊತ್ತು ಕಣಮ್ಮಿ, ಮೋಟಾರು ಓಗ್ಲಿ" ಎಂದು ಮಂಟಯ್ಯ ಇಳಿದ. ಅವಳು ಚಪ್ಪಡಿ ಎಳೆದು, ಅದರ ಮೇಲೆ ಕುಳಿತು ಅವರೆಕಾಯಿ ಸುಲಿಯತೊಡಗಿದಳು. ಒಳಗಿಂದ ಸದ್ದಿಲ್ಲ. ಜಾಣ, ತೆಪ್ಪಗಿದ್ದಾನೆ ಎಂದುಕೊಂಡಳು.

ಸಾಹೇಬರಿಗೆ ಯಾರೂ ಸಿಗಲಿಲ್ಲ. ಹೊರಡುವ ಹೊತ್ತಿಗೆ ಟೈರು ಪಂಕ್ಚರ್ ಆಯಿತು. "ಎತ್ತಿನ ಬಾಲ ತಿರುಚೋನಿಗೆ ಮೋಟಾರು ಕೊಟ್ಟರೆ ಹೀಗೇ" ಎಂದು ಸಾಹೇಬರು ಊರವರೆದುರು ಬೈದರು. ಖದೀರನ ರಕ್ತ ಕುದಿಯಿತು. ಬೇಯಲಿ ಬಿಸಿಲಲ್ಲಿ ಎಂದು ಬೇಕೆಂತಲೇ ನಿಧಾನ ಮಾಡಿದ. ತೇಪೆ ಹಾಕಿದ, ಕಿತ್ತ, ಮತ್ತೆ ಹಾಕಿದ, ನಡುವೆ ಬೀಡಿ ಹಚ್ಚಿದ. ಎದುರಿಗೇ ಕೂತ ಹೆಂಗಸು ಕಾಯಿ ಮುಗಿದ ಮೇಲೂ ಬರೀ ಸಿಪ್ಪೆಯನ್ನೇ ಸುಲಿಯುತ್ತಿದ್ದಳು. ಅದನ್ನು ಅವನು ಕಂಡ. ಏನೆಂದು ಹೊಳೆಯಲಿಲ್ಲ.

ಮೋಟಾರು ಊರ ಗಡಿ ದಾಟುವ ಮೊದಲೇ ಹಿಂದಿನಿಂದ ಕೂಗು ಕೇಳಿತು. ತಿರುಗಿ ಬಂದರೆ ಜನ ಮಂಟಯ್ಯನನ್ನು ಹಗ್ಗ ಕಟ್ಟಿ ಮೇಲೆಳೆಯುತ್ತಿದ್ದರು. ಸಾಹೇಬರು ಹೆಣದ ಕಂಕುಳು, ತೊಡೆಸಂದು ನೋಡಿ, "ಪ್ಲೇಗಿನ ಗಡ್ಡೆ ಇಲ್ಲ" ಎಂದು ಕೈ ಒರೆಸಿಕೊಂಡರು. ಭಾಗ್ಯಮ್ಮ ಅವರ ಮುಖ ನೋಡಲಿಲ್ಲ. ಖದೀರನನ್ನು ನೋಡಿದಳು.

"ಒಂದ್ ಚಣ ಮುಂಚೆ ಓಗ್ಬಾರದಾಗಿತ್ತಾ ಸಾಬ್ರೇ?"

ಮೋಟಾರನ್ನು ಹುಣಸೂರಿಗೆ ಮುಟ್ಟಿಸಿ ಇಳಿದವನು ಮತ್ತೆ ಹತ್ತಲಿಲ್ಲ. ಸೈಕಲ್ಲು ಕೊಂಡ ದಿನವೇ ಗಂಟೆ ಬಿಚ್ಚಿ ಎಸೆದ. ಆ ಊರೊಂದನ್ನು ಬಿಟ್ಟು ಎಲ್ಲ ಊರಿಗೂ ಹೋದ.

ಮತ್ತೆ ಇಲಿ ಬಿದ್ದ ವರ್ಷ, ಭಾಗ್ಯಮ್ಮನ ಮಗಳು ಬೀರಮ್ಮನಿಗೆ ಜ್ವರವೆಂದು ಹನಗೋಡಿನಲ್ಲಿ ಕೇಳಿದ. ಹುಣಸೂರಿನಿಂದ ಮೋಟಾರು ಹೊರಟಿತ್ತು. ಕಲಾಯಿ ಸಾಮಾನನ್ನು ದಾರಿಯಲ್ಲೇ ಇಳಿಸಿ ಉಸಿರು ಕಟ್ಟಿ ತುಳಿದ. ಹೋಗಿ ನೋಡಿದರೆ ಭಾಗ್ಯಮ್ಮ ಅದೇ ಚಪ್ಪಡಿಯ ಮೇಲೆ ಕುಳಿತಿದ್ದಾಳೆ.

ಸೈಕಲ್ಲು ಎಸೆದು ಓಡಿದ. "ಏಳಕ್ಕಾ, ಏಳು!" ಎಂದು ಅವಳನ್ನು ಪಕ್ಕಕ್ಕೆ ತಳ್ಳಿ ಚಪ್ಪಡಿ ಎತ್ತಿದ. ಹಗೇವಿನ ಬಾಯಿತನಕ ಮಣ್ಣು.

"ಆವತ್ತೇ ಮುಚ್ಚಿಸ್ದೆ" ಎಂದಳು. "ದಿನಾ ಇಲ್ಲೇ ಕೂರ್ತೀನಿ. ಕೂಸು ಒಳಗೈತೆ, ಚಾಪೆ ಮ್ಯಾಲೆ. ಗಡ್ಡೆ ಎದ್ದದೆ. ಮೋಟಾರು ಬತ್ತದಾ?"

"ಬರ್ತದೆ."

"ಬಚ್ಚಿಡಕೆ ಜಾಗ ಎಲ್ಲೈತೆ ಯೋಳಿ."

ದೂರದಲ್ಲಿ ಹಾರನ್ ಕೇಳಿತು. ಖದೀರ್ ಸೈಕಲ್ಲನ್ನು ಎತ್ತಿ ತಂದು ಬಾಗಿಲಿಗೆ ಅಡ್ಡ ಇಟ್ಟು, ಅದನ್ನು ಹಿಡಿದು ನಿಂತ. ಹೊಸ ಸಾಹೇಬರು ಗದರಿದರು, ಜವಾನರು ಎಳೆದರು, ಕೋಲಿನ ಪೆಟ್ಟೂ ಬಿತ್ತು. ಅವನು ಅಲುಗಲಿಲ್ಲ.

ಬೀರಮ್ಮ ಶೆಡ್ಡಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ, ತಾಯಿಯ ಕೈಯಿಂದ ನೀರು ಕುಡಿದು ಚಾಪೆಯ ಮೇಲೆ ಸತ್ತಳು. ಆಮೇಲೆ ಖದೀರ್ ತಾನಾಗಿಯೇ ಬಾಗಿಲು ಬಿಟ್ಟ.

"ಸರ್ಕಾರದ ಕೆಲಸಕ್ಕೆ ಅಡ್ಡ ಬಂದಿದ್ದೀಯ. ನಡಿ ಹುಣಸೂರಿಗೆ, ಹತ್ತು ಮೋಟಾರು" ಎಂದರು ಸಾಹೇಬರು.

ಅವನು ಹತ್ತಲಿಲ್ಲ. ಚಕ್ರ ಸೊಟ್ಟಗಾದ ಸೈಕಲ್ಲನ್ನು ಹೆಗಲಿಗೇರಿಸಿ, ಮೋಟಾರಿನ ಧೂಳಿನ ಹಿಂದೆ ನಡೆದೇ ಹೋದ.