ಎರಡನೆಯ ಫ್ಲಾಪಿ

ಮುಂಬಯಿಯ ಚೆಂಬೂರಿನಿಂದ ಪವಾಯಿಗೆ ಬಸ್ಸಿನ ನೂಕುನುಗ್ಗಲಿನಲ್ಲಿ ನನ್ನ ಹಿರಿಯ ಸಹೋದ್ಯೋಗಿ ಅಂಗಿಜೇಬಿನ ಮೇಲೆ ಕೈಯಿಟ್ಟುಕೊಂಡೇ ಬರುತ್ತಿದ್ದರು. ಜೇಬಿನಲ್ಲಿ ಫ್ಲಾಪಿಗಳು. ಯಾರೋ ಬರೆದು ಪುಕ್ಕಟೆ ಹಂಚಿದ ಪ್ರೋಗ್ರಾಮುಗಳನ್ನು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಕಂತೆಗೆ ಸೇರಿಸಲು ಸಜ್ಜುಗೊಳಿಸುವುದು ನಮ್ಮಿಬ್ಬರ ಕೆಲಸ. ಪ್ರತಿ ಸಲವೂ ಕೇಳುತ್ತಿದ್ದರು: "ಬರೆದವ್ರ ಹೆಸರು ಹಾಕಿದ್ಯೇನಮ್ಮ?"

ಒಮ್ಮೆ ಜಾಗ ಸಾಲದೆ ನಾನು ಹೆಸರುಗಳ ಫೈಲನ್ನೇ ಅಳಿಸಿಬಿಟ್ಟೆ. "ಒಂದೇ ಫ್ಲಾಪೀಲಿ ಹಿಡೀತು, ಸರ್!" ಎಂದು ಬೀಗಿದೆ.

ಅವರು ಬೈಯಲಿಲ್ಲ. ಜೇಬಿನಿಂದ ಹೊಸ ಫ್ಲಾಪಿ ತೆಗೆದು, ತಮ್ಮ ಮೂಲ ಪ್ರತಿಯಿಂದ ಆ ಪುಟ್ಟ ಫೈಲೊಂದನ್ನೇ ಅದಕ್ಕೆ ಹಾಕಿದರು. "ಬರೆದವ್ರಿಗೆ ನಾವು ಕೊಡೋದು ಇಷ್ಟೇ ಅಲ್ವೇನಮ್ಮ?"

ಆ ಹೆಸರುಗಳ ಪ್ರಿಂಟ್ ಈಗಲೂ ನನ್ನ ಬಳಿಯಿದೆ. ಕೊನೆಯಲ್ಲಿ, ಪ್ರೋಗ್ರಾಮಿನ ಒಂದೇ ಒಂದು ಸಾಲು ತಿದ್ದಿದ್ದ ನನ್ನ ಹೆಸರನ್ನೂ ಸೇರಿಸಿದ್ದಾರೆ. ತಮ್ಮದನ್ನು ಬರೆಯಲು ಮರೆತಿದ್ದಾರೆ.