ಮೇಡಂ ಮಡಿಲಲ್ಲಿದ್ದ ಐಸ್ ಡಬ್ಬಿ

ಕೆಳಗಿನ ಮನೆಯಲ್ಲಿ ಯಾರೋ ಇಂಗಿನ ಒಗ್ಗರಣೆ ಕೊಟ್ಟರು. ಜೆ.ಪಿ. ನಗರದ ಈ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ಹೆಸರು ಗೊತ್ತಾಗಲು ವರ್ಷ ಬೇಕು, ಅವರ ಮನೆಯಲ್ಲಿ ಇವತ್ತು ಯಾವ ಸಾರು ಎಂದು ತಿಳಿಯಲು ನಿಮಿಷ ಸಾಕು. ನಾಳೆಯ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದವಳು ಪೆನ್ನು ಕೆಳಗಿಟ್ಟೆ. ಮೇಡಂ ನೆನಪಾದರು...

ಅವರು ನನ್ನ ಪಿಎಚ್‌.ಡಿ. ಗೈಡ್. ಮಿದುಳಿನಲ್ಲಿ ನೈಟ್ರಿಕ್ ಆಕ್ಸೈಡ್ ಏನು ಮಾಡುತ್ತದೆ ಎಂಬುದೇ ಅವರ ಜೀವಮಾನದ ಕೆಲಸ. ಮೊದಲ ದಿನವೇ ಅದನ್ನು ನನಗೆ ಒಗ್ಗರಣೆಯಲ್ಲಿ ಅರ್ಥಮಾಡಿಸಿದ್ದರು. ನರಕೋಶಗಳ ನಡುವೆ ಓಡಾಡುವ ಬೇರೆ ರಾಸಾಯನಿಕಗಳೆಲ್ಲ ಕೊರಿಯರ್ ಹುಡುಗರ ಹಾಗೆ, ಗೊತ್ತಾದ ಬಾಗಿಲನ್ನೇ ತಟ್ಟಬೇಕು. ಇದು ಅನಿಲ, ಒಗ್ಗರಣೆಯ ಘಮದ ಹಾಗೆ ಬಾಗಿಲು ಗೀಗಿಲು ಕೇಳುವುದಿಲ್ಲ. ಒಂದು ಕೋಶದಲ್ಲಿ ಹುಟ್ಟಿದ್ದು ಗೋಡೆ ದಾಟಿ ನೆರೆಯವಕ್ಕೆಲ್ಲ ಮುಟ್ಟುತ್ತದೆ, ಕೆಲವೇ ಕ್ಷಣಗಳಲ್ಲಿ ಇಲ್ಲವಾಗುತ್ತದೆ. ಹದವಾಗಿದ್ದರೆ ರಕ್ತನಾಳವನ್ನು ಅಗಲಿಸುತ್ತದೆ, ಕಲಿತದ್ದು ನೆನಪಿನಲ್ಲಿ ನಿಲ್ಲಲು ನೆರವಾಗುತ್ತದೆ. ಮಿತಿಮೀರಿದರೆ ಅದೇ ನರಕೋಶಗಳನ್ನು ಕೊಲ್ಲುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಮ್ಮ ಲ್ಯಾಬಿನಲ್ಲಿ ಇಲಿಗಳ ಮಿದುಳಿಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು ಸ್ಟ್ರೋಕ್ ಉಂಟುಮಾಡುತ್ತಿದ್ದೆವು. ಆಗ ನೈಟ್ರಿಕ್ ಆಕ್ಸೈಡ್ ಉಕ್ಕುತ್ತದೆ. ಅದು ಉಕ್ಕದಂತೆ ತಡೆಯುವ ಔಷಧ ಕೊಟ್ಟ ಇಲಿಗಳಲ್ಲಿ ಮಿದುಳು ಎಷ್ಟೋ ಉಳಿಯುತ್ತಿತ್ತು. ಆ ಔಷಧದ ಪುಟ್ಟ ಬಾಟಲಿ ಫ್ರೀಜರಿನಲ್ಲಿರುತ್ತಿತ್ತು. ದುಬಾರಿ ಪುಡಿ, ಮೇಡಂ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಮಧ್ಯಾಹ್ನ ಅವರ ಯಜಮಾನರು ಸ್ಕೂಟರಿನಲ್ಲಿ ಬಿಸಿ ಊಟ ತರುತ್ತಿದ್ದರು. ನಿವೃತ್ತರು. ಅಡುಗೆಯೂ ಅವರದೇ. ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಲ್ಯಾಬಿನ ಬಾಗಿಲಲ್ಲೇ ನಿಂತು, "ಏನಮ್ಮ, ನಿಮ್ಮ ಮೇಡಮ್‌ಗೆ ಇವತ್ತಾದ್ರೂ ಗಾಳಿ ಸಿಕ್ತಾ? ಗಾಳಿ ಗುದ್ದಿ ಮೈ ನೋಯಿಸ್ಕೊಂಡ್ರು ಅನ್ನೋ ಗಾದೆ ಇವರನ್ನ ನೋಡೇ ಮಾಡಿರ್ಬೇಕು" ಎಂದು ಛೇಡಿಸುತ್ತಿದ್ದರು. ಮೇಡಂ ಮುಖ ಗಂಟಿಕ್ಕಿಕೊಂಡು ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಅಂಕಲ್ ಅತ್ತ ತಿರುಗಿದ ಮೇಲೆ ಮಾತ್ರ ನಗುತ್ತಿದ್ದರು.

ಒಂದು ದಿನ ಊಟ ಬರಲಿಲ್ಲ. ಮೇಡಂ ಒಮ್ಮೆ ಫೋನ್ ಮಾಡಿದರು, ಅವರು ಎತ್ತಲಿಲ್ಲ. "ಎಲ್ಲೋ ಗೆಳೆಯರು ಸಿಕ್ಕಿರ್ತಾರೆ, ಬರ್ತಾರೆ ಬಿಡು" ಎಂದು ಮತ್ತೆ ಕೆಲಸಕ್ಕೆ ಕೂತರು. ಅಂದಿನ ಇಲಿಗಳ ಸ್ಯಾಂಪಲ್ ಕಾಯುವಂಥದ್ದಾಗಿರಲಿಲ್ಲ. ಸಂಜೆ ಸಮೀಪಿಸುವಾಗ ಜಯನಗರದ ಅವರ ಮನೆಯ ಎದುರಿನವರು ಫೋನ್ ಮಾಡಿದರು. ಅಂಕಲ್ ಅಡುಗೆಮನೆಯಲ್ಲಿ ಬಿದ್ದಿದ್ದರು. ಎಷ್ಟು ಹೊತ್ತಿನಿಂದಲೋ...

ಮೇಡಂ ಓಡಿದರು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ನನಗೆ ಕರೆ ಬಂತು. "ಸ್ಟ್ರೋಕ್ ಕಣೇ. ಫ್ರೀಜರಲ್ಲಿರೋ ಆ ಬಾಟ್ಲಿ ಐಸಲ್ಲಿಟ್ಕೊಂಡು ತಗೊಂಡ್ ಬಾ." ಐಸ್ ತುಂಬಿದ ಡಬ್ಬಿಯಲ್ಲಿ ಬಾಟಲಿ ಇಟ್ಟುಕೊಂಡು ಹೊರಟೆ. ಸಂಜೆಯ ಟ್ರಾಫಿಕ್ಕಿನಲ್ಲಿ ಆಟೋದವನಿಗೆ ಬೇಗ ಬೇಗ ಎನ್ನುತ್ತಾ ಹೋದೆ. ಆ ಔಷಧವನ್ನು ಮನುಷ್ಯರಿಗೆ ಕೊಡುವಂತಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲವೇ? ಆದರೂ, ಇಲಿಗಳು ಉಳಿದಿದ್ದವಲ್ಲ ಎಂಬ ಒಂದೇ ಆಸೆ ದಾರಿಯುದ್ದಕ್ಕೂ.

ಮೇಡಂ ಐಸಿಯು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಡಬ್ಬಿಯನ್ನು ಇಸಿದುಕೊಂಡು ಮಡಿಲಲ್ಲಿಟ್ಟು ಎರಡೂ ಕೈಯಿಂದ ಅವಚಿಕೊಂಡರು. ಪಕ್ಕದಲ್ಲಿ ಅಂಕಲ್ ಅವರ ತಂಗಿ ಅಳುತ್ತಿದ್ದರು. "ಅತ್ತಿಗೆ, ನೀವು ಓದಿದ್ದೇ ಇದನ್ನಲ್ವಾ? ಔಷಧಿ ಬಂತಲ್ಲ, ಡಾಕ್ಟ್ರಿಗೆ ಕೊಡಿ ಅತ್ತಿಗೆ."

ಮೇಡಂ ಮುಚ್ಚಳ ತೆಗೆಯಲಿಲ್ಲ. ನನ್ನತ್ತ ತಿರುಗಿದರು.

"ಇಲಿಗೆ ನಾವು ಮೊದಲೇ ಕೊಟ್ಟಿರ್ತೀವಿ ಕಣೇ. ಸ್ಟ್ರೋಕ್ ಮಾಡೋರು ನಾವೇ ಅಲ್ವಾ... ಯಾವಾಗ ಬರತ್ತೆ ಅಂತ ಗೊತ್ತಿರತ್ತೆ."

ಆಮೇಲೆ ಪಾಠ ಹೇಳುವ ದನಿಯಲ್ಲೇ ಹೇಳಿದರು. ಈಗ ಒಳಗೆ ಸಾಯಬೇಕಾದ್ದು ಸತ್ತಾಗಿದೆ. ಉಳಿದಿರುವ ಕಡೆ ರಕ್ತನಾಳ ತೆರೆದಿಟ್ಟಿರುವುದೂ ಅದೇ ನೈಟ್ರಿಕ್ ಆಕ್ಸೈಡ್. ಅದನ್ನೂ ತಡೆದರೆ ಇದ್ದಬದ್ದದ್ದೂ ಹೋದೀತು. ನಾದಿನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾದ ನನಗೂ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ತಮ್ಮವರ ತಲೆಯೊಳಗೆ ಆ ಕ್ಷಣ ಏನು ನಡೆಯುತ್ತಿದೆ ಎಂದು ಅಷ್ಟು ಸ್ಪಷ್ಟವಾಗಿ ಕಾಣುವ ಶಿಕ್ಷೆ ಯಾವ ಹೆಂಡತಿಗೂ ಬೇಡ.

ಮರುದಿನ ಬೆಳಿಗ್ಗೆ ಅಂಕಲ್ ಹೋದರು. ಕಾರ್ಯಗಳೆಲ್ಲ ಮುಗಿದ ಮೇಲೆ ಮೇಡಂ ಲ್ಯಾಬಿಗೆ ಬಂದರು, ನನ್ನ ಥೀಸಿಸ್ ಮುಗಿಸಿಕೊಟ್ಟರು. ಆದರೆ ಮಧ್ಯಾಹ್ನ ನಾವು ಡಬ್ಬಿ ಬಿಚ್ಚುವ ಹೊತ್ತಿಗೆ ಸುಮ್ಮನೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. 

ನಿವೃತ್ತಿಯಾದ ಮೇಲೆ ಅರೆಕೆರೆಯಲ್ಲಿ ತಮ್ಮ ತಂಗಿಯ ಜೊತೆ ಇದ್ದರು. ಕಳೆದ ವರ್ಷ ನೋಡಲು ಹೋದಾಗ ಸೊರಗಿಹೋಗಿದ್ದರು. ಅಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ಅಂದು ಬಾಯಿಗೆ ಬಂತು. "ಮೇಡಂ, ಕೊಡೋಕಾಗಲ್ಲ ಅಂತ ಗೊತ್ತಿದ್ದೂ ಬಾಟ್ಲಿ ಯಾಕೆ ತರ್ಸಿದ್ರಿ?"

ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಬರಿಗೈಲಿ ಕೂತಿರೋಕಾಗ್ಲಿಲ್ಲ ಕಣೇ."

ಆ ವರ್ಷ ಆಷಾಢ ಕಳೆಯುವುದರೊಳಗೆ ಅವರೂ ಹೋದರು.

ಈಗ ಈ ಪಾಠ ಹೇಳುವವಳು ನಾನು. ಪ್ರತಿ ವರ್ಷ ಯಾರಾದರೊಬ್ಬರು ಕೈ ಎತ್ತಿ, ಇಲಿ ಉಳಿಯಿತಲ್ಲ, ಮನುಷ್ಯರಿಗೆ ಯಾಕೆ ಕೊಡಬಾರದು ಎಂದು ಕೇಳುತ್ತಾರೆ. ನಾಳೆಯೂ ಕೇಳುತ್ತಾರೆ. ಹೋದ ವರ್ಷದವರೆಗೆ ಒಂದೇ ಉಸಿರಿನಲ್ಲಿ ಉತ್ತರ ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ನಾಳೆ ಹೇಗೆ ಹೇಳಲಿ, ಗೊತ್ತಾಗುತ್ತಿಲ್ಲ ಮೇಡಂ...